ಹಳೆಯ ಸಿ ಕೋಡನ್ನು ಯಂತ್ರವೇ ರಸ್ಟ್‌ಗೆ ತಿರುಗಿಸಿಕೊಟ್ಟರೆ ಸಾಕೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಕಂಪ್ಯೂಟರ್ ಪ್ರಶ್ನೆಗಳಲ್ಲಿ ಐದು ಒಂದೇ ವಿಷಯದ ಸುತ್ತ ತಿರುಗುತ್ತವೆ: ವರ್ಷಗಟ್ಟಲೆ ಓಡಿದ ಪ್ರೋಗ್ರಾಂ ಅನ್ನು ರಸ್ಟ್ ಭಾಷೆಗೆ ತರುವುದು. ರಸ್ಟ್‌ನ 1.0 ಆವೃತ್ತಿ ಬಂದದ್ದು 2015ರ ಮೇ ತಿಂಗಳಲ್ಲಿ. ವೇಗದಲ್ಲಿ ಸಿ ಭಾಷೆಗೆ ಹೆಗಲೆಣೆ. ಆದರೆ ಮೆಮೊರಿಯ ಯಾವ ತುಂಡು ಯಾರದ್ದು, ಎಲ್ಲಿವರೆಗೆ ಬದುಕಿರುತ್ತದೆ ಎನ್ನುವುದನ್ನು ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) ಮೊದಲೇ ಕೇಳಿ ತಿಳಿದುಕೊಳ್ಳುತ್ತದೆ. ಹೇಳದಿದ್ದರೆ ಕೋಡನ್ನು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಸಕ್ಕರೆ ಕಾರ್ಖಾನೆಯ ಕಾಟಾದ (ಗಾಡಿ ತೂಗುವ ತಕ್ಕಡಿಯ) ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಸುಮಾರು 14 ಸಾವಿರ ಸಾಲು, ಲಿನಕ್ಸ್ ಮೇಲೆ ಓಡುತ್ತದೆ. ಬರೆದವರು ಈಗ ಇಲ್ಲಿಲ್ಲ. ಊರ ಹೆಸರು ಕನ್ನಡದಲ್ಲಿ ಬರಲಿ ಎಂದು ಬದಲಿಸಿದ ಮೇಲೆ ಬೆಳಗಾವಿ ಎಂದು ಹೊಡೆದ ಚೀಟಿಗಳಲ್ಲಿ ಖಾಲಿ ಗಾಡಿಯ ತೂಕ 191 ಕಿಲೊ, ವಿಜಯಪುರ ಎಂದು ಹೊಡೆದರೆ 176 ಕಿಲೊ ಬರುತ್ತಿದೆ. ಬಾಗಲಕೋಟೆ ಹೊಡೆದರೆ ಸಾಮಾನ್ಯವಾಗಿ ಪ್ರೋಗ್ರಾಂ ನಿಂತೇ ಹೋಗುತ್ತದೆ. ಸಿ2ರಸ್ಟ್ ಎಂಬ ಟೂಲ್‌ನಿಂದ ಇಡೀ ಪ್ರೋಗ್ರಾಂ ರಸ್ಟ್‌ಗೆ ತಿರುಗಿಸಿದರೆ ಈ ಕಾಟ ತಪ್ಪುತ್ತದೆಯೇ? ಸ್ಟ್ರಕ್ಟ್ (ಒಂದು ಗಾಡಿಯ ವಿವರಗಳನ್ನು ಒಟ್ಟಿಗಿಡುವ ರಚನೆ) ಇರುವ ತುಣುಕನ್ನು ಜೊತೆಗೆ ಕಳಿಸಿದ್ದೇನೆ.
(ಓದುಗರು, ಮುಧೋಳ)

ಉತ್ತರ: ತಪ್ಪುವುದಿಲ್ಲ. ತಿರುಗಿಸಿದ ಮೇಲೂ ಅದೇ 191, ಅದೇ 176 ಬರುತ್ತದೆ. ಏಕೆಂದು ನೋಡಿದರೆ ಮುಂದಿನ ಕೆಲಸವೂ ತಿಳಿಯುತ್ತದೆ.

ನಿಮ್ಮ ಸ್ಟ್ರಕ್ಟ್‌ನಲ್ಲಿ ಊರಿಗೆ 20 ಬೈಟ್, ಅದರ ಬೆನ್ನಿಗೇ ಟೇರ್ (ಖಾಲಿ ಗಾಡಿ) ತೂಕದ 4 ಬೈಟ್ ಇಂಟ್ (ಪೂರ್ಣಾಂಕ), ಅದರ ನಂತರ ಪಟ್ಟಿಯಲ್ಲಿ ಮುಂದಿನ ಗಾಡಿಯನ್ನು ತೋರಿಸುವ ಪಾಯಿಂಟರ್ (ಮೆಮೊರಿಯ ವಿಳಾಸ) ಇದೆ. ಇಂಗ್ಲಿಷಿನಲ್ಲಿ ಬೆಳಗಾವಿಗೆ 8 ಅಕ್ಷರ, ಹೆಸರು ಮುಗಿಯಿತೆಂದು ಸಿ ಹಾಕುವ ಕೊನೆಯ ಸೊನ್ನೆ ಸೇರಿ 9 ಬೈಟ್ ಸಾಕಿತ್ತು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಸ್ವರಚಿಹ್ನೆಗೂ ಬೇರೆಯೇ 3. ಬ, ಎತ್ವ, ಳ, ಗ, ದೀರ್ಘ, ವ, ಗುಡಿಸು ಎಂದು ಬೆಳಗಾವಿಯಲ್ಲಿ 7 ಸಂಕೇತ, ಅಂದರೆ 21 ಬೈಟ್, ಸೊನ್ನೆ ಸೇರಿ 22. ಟೇರ್ ತುಂಬಿದ ಮೇಲೆ, ಜಾಗ ಅಳೆಯದೆ ಪಠ್ಯ ನಕಲಿಸುವ ಸಿ ಫಂಕ್ಷನ್ ಸ್ಟ್ರ್‌ಕಾಪಿ ಊರ ಹೆಸರನ್ನು ತುಂಬುತ್ತದೆ. ಹಿಡಿಯದ ಎರಡು ಬೈಟ್ ಟೇರ್ ಮೇಲೆ ಕೂರುತ್ತವೆ. ಗುಡಿಸಿನ ಕೊನೆಯ ಬೈಟ್‌ನ ಬೆಲೆ 191, ಅದರ ನಂತರ ಸೊನ್ನೆ. ಟೇರ್ 5,460 ಇದ್ದರೂ 5,900 ಇದ್ದರೂ ಕೆಳಗಿನ ಎರಡು ಬೈಟ್ ಅಳಿಸಿಹೋಗಿ 191 ಮಾತ್ರ ಉಳಿಯುತ್ತದೆ. ವಿಜಯಪುರವೂ 21 ಬೈಟೇ, ಅದರ ಕೊನೆಯ ‘ರ’ ಮುಗಿಯುವುದು 176ರಲ್ಲಿ. ಬಾಗಲಕೋಟೆಗೆ 24 ಬೈಟ್, ಸೊನ್ನೆ ಸೇರಿ 25. ಅದು ಟೇರ್‌ನ ನಾಲ್ಕೂ ಬೈಟ್ ನುಂಗಿ ಮೈನಸ್ 203 ಕೋಟಿ ಮಾಡಿ, ಉಳಿದ ಸೊನ್ನೆಯನ್ನು ಪಾಯಿಂಟರ್‌ನ ಮೊದಲ ಬೈಟ್ ಮೇಲೆ ಹಾಕುತ್ತದೆ. ಆ ಬೈಟ್ ಮೊದಲೇ ಸೊನ್ನೆಯಾಗಿದ್ದರೆ ಪಾರು, ಇಲ್ಲದಿದ್ದರೆ ಪಟ್ಟಿ ದಾರಿ ತಪ್ಪಿ ಪ್ರೋಗ್ರಾಂ ಬೀಳುತ್ತದೆ. ಒಮ್ಮೊಮ್ಮೆ ಬೀಳದೆ ಉಳಿಯುವ ಗುಟ್ಟು ಇದು.

ಸಿ2ರಸ್ಟ್ ಮಾಡುವುದು ಸಿ ಹೇಳಿದ್ದನ್ನು ಚಾಚೂ ತಪ್ಪದೆ ರಸ್ಟ್ ವ್ಯಾಕರಣದಲ್ಲಿ ಹೇಳುವುದು. ಅದರ ಔಟ್‌ಪುಟ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಫಂಕ್ಷನ್ ‘ಅನ್‌ಸೇಫ್’ (ಕಂಪೈಲರ್ ಮೆಮೊರಿ ತಪಾಸಣೆ ಸಡಿಲಿಸಿದ ಕೋಡ್), ಪ್ರತಿ ಪಾಯಿಂಟರ್ ಕಚ್ಚಾ ಪಾಯಿಂಟರ್, ಸ್ಟ್ರ್‌ಕಾಪಿ ಕೂಡ ಸಿ ಲೈಬ್ರರಿಯದೇ. ಅರೇಯ (ಸಾಲಾಗಿಟ್ಟ ಡೇಟಾದ) ಹೆಸರಿನಿಂದಲೇ ನೇರವಾಗಿ ಇಂಡೆಕ್ಸ್ ಮಾಡಿದ ಕಡೆ ಗಡಿ ತಪಾಸಣೆ ಪುಕ್ಕಟೆ ಸಿಗುತ್ತದೆ. ಅದೇ ಅರೇ ಪಾಯಿಂಟರ್ ಆಗಿ ಇನ್ನೊಂದು ಫಂಕ್ಷನ್‌ಗೆ ಹೋಯಿತೋ, ಆ ತಪಾಸಣೆಯೂ ಹೋಯಿತು. ಸ್ಟ್ರ್‌ಕಾಪಿಗೆ ಹೋಗುವುದು ಪಾಯಿಂಟರೇ.

ಹಾಗಾದರೆ ಟೂಲ್ ದಂಡವೇ? ಅಲ್ಲ. 14 ಸಾವಿರ ಸಾಲನ್ನು ಕೈಯಿಂದ ಬರೆಯುವಾಗ ನುಸುಳುವ ತಪ್ಪುಗಳನ್ನು ಅದು ತಪ್ಪಿಸುತ್ತದೆ. ಅದು ನಿಮ್ಮನ್ನು ತಂದು ಬಿಡುವುದು ಹೊಸ್ತಿಲವರೆಗೆ, ಒಳಗೆ ಹೋಗುವುದು ನಿಮ್ಮ ಕೆಲಸ.

ಹಂಗಾಮು ನಡೆಯುವಾಗ ಇದಕ್ಕೆ ಕೈ ಹಾಕಬೇಡಿ. ಕಾರ್ಖಾನೆ ನಿಂತ ಮೇಲೆ ಶುರು ಮಾಡಿ. ಹಂಗಾಮಿನಲ್ಲಿ ಮಾಡಬೇಕಾದದ್ದು ಬೇರೆ: ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೇಲೆ ಬರುವ ಬೈಟ್‌ಗಳನ್ನು ಬಂದ ಹಾಗೇ ಒಂದು ಫೈಲಿಗೆ ಬರೆದಿಡಿ, ಆಪರೇಟರ್ ಒತ್ತಿದ ಕೀಲಿಗಳನ್ನೂ, ಹೊರಬಂದ ಚೀಟಿಯ ಪಠ್ಯವನ್ನೂ. ಒಂದು ವಾರದ್ದು ಸಾಕು, ಆದರೆ ರಾತ್ರಿ ಪಾಳಿಯದೂ ಇರಲಿ, ಎತ್ತಿನ ಗಾಡಿಯದೂ ಇರಲಿ. ಆಮೇಲೆ ಸೋಕ್ಯಾಟ್ ಎಂಬ ಟೂಲ್‌ನಿಂದ ಸುಳ್ಳು ಸೀರಿಯಲ್ ಪೋರ್ಟ್ ಮಾಡಿ ಹಳೆಯದಕ್ಕೂ ಹೊಸದಕ್ಕೂ ಅದೇ ಬೈಟ್ ಉಣಿಸಿ, ಚೀಟಿಗಳನ್ನು ಡಿಫ್ ಹಾಕಿ (ವ್ಯತ್ಯಾಸ ಹುಡುಕಿ) ನೋಡಬಹುದು. ಇದಿಲ್ಲದೆ ಮುಂದಿನ ಯಾವ ಹೆಜ್ಜೆಗೂ ಅಳತೆಗೋಲಿಲ್ಲ.

ಎರಡನೆಯದಾಗಿ ಸಿ ಕೋಡ್ ಸಿ ಆಗಿಯೇ ಇರುವಾಗ ದೋಷ ಹಿಡಿಯಿರಿ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಬಿಲ್ಡ್ ಮಾಡಿ ಓಡಿಸಿ. ಆದರೆ ಅದು ನಿಮ್ಮ 191ರ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಒಂದೇ ಸ್ಟ್ರಕ್ಟ್ ಒಳಗೆ ಒಂದು ಫೀಲ್ಡ್ ಉಕ್ಕಿ ಪಕ್ಕದ ಫೀಲ್ಡ್‌ಗೆ ಹೋದರೆ ಅದರ ಲೆಕ್ಕದಲ್ಲಿ ಎಲ್ಲವೂ ಒಂದೇ ಹೊಲ, ಬದು ಕಾಣುವುದಿಲ್ಲ. ಓ2 ಆಪ್ಟಿಮೈಸೇಶನ್ ಜೊತೆಗೆ ‘ಫೋರ್ಟಿಫೈ ಸೋರ್ಸ್’ ಮ್ಯಾಕ್ರೊಗೆ 2 ಎಂದು ಕೊಟ್ಟು ಇನ್ನೊಂದು ಬಿಲ್ಡ್ ಮಾಡಿ. ಸ್ಟ್ರ್‌ಕಾಪಿಯ ಇಂಥ ಉಕ್ಕುವಿಕೆಯನ್ನು ಅದು ಎಷ್ಟೋ ಕಡೆ ಹಿಡಿದು ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸುತ್ತದೆ.

ಇನ್ನು ತಿರುಗಿಸುವ ಕೆಲಸ. ಸಿ2ರಸ್ಟ್‌ಗೆ ಪ್ರತಿ ಫೈಲ್ ಯಾವ ಫ್ಲ್ಯಾಗ್‌ಗಳಲ್ಲಿ ಕಂಪೈಲ್ ಆಗುತ್ತದೆ ಎಂಬ ಜೇಸನ್ ಪಟ್ಟಿ ಬೇಕು. ಸಿಮೇಕ್ ಇದ್ದರೆ ಒಂದು ಆಯ್ಕೆ ಹಾಕಿದರೆ ಅದೇ ಬರೆದುಕೊಡುತ್ತದೆ. ಬರೀ ಮೇಕ್ ಇದ್ದರೆ ‘ಬೇರ್’ ಎಂಬ ಟೂಲನ್ನು ಮೇಕ್‌ನ ಮುಂದೆ ಹಾಕಿ ಓಡಿಸಿ, ಅದಕ್ಕೂ ಮುಂಚೆ ಮೇಕ್ ಕ್ಲೀನ್ ಮರೆಯಬೇಡಿ. ಈಗಾಗಲೇ ಕಂಪೈಲ್ ಆಗಿ ಕೂತ ಫೈಲನ್ನು ಮೇಕ್ ಮುಟ್ಟುವುದಿಲ್ಲ, ಹಾಗಾಗಿ ಅದು ಪಟ್ಟಿಗೂ ಬರುವುದಿಲ್ಲ; ಕೊನೆಗೆ ಅರ್ಧ ಪ್ರೋಗ್ರಾಂ ಮಾತ್ರ ತಿರುಗಿರುತ್ತದೆ. ಇನ್ನೊಂದು: ಟೂಲ್ ನೋಡುವುದು ಪ್ರಿಪ್ರೊಸೆಸರ್ (ಕಂಪೈಲ್ ಮಾಡುವ ಮುಂಚೆ ಕೋಡ್ ಸೋಸುವ ಹಂತ) ದಾಟಿ ಬಂದ ಕೋಡನ್ನು. ಇಫ್‌ಡೆಫ್ ಷರತ್ತಿನ ಒಳಗಿದ್ದು ಈ ಬಿಲ್ಡ್‌ನಲ್ಲಿ ಸೇರದ ಭಾಗ ರಸ್ಟ್‌ಗೆ ಬರುವುದೇ ಇಲ್ಲ. ಎತ್ತಿನ ಗಾಡಿಯ ಕಾಟಾಕ್ಕೆ ಬೇರೆ ಫ್ಲ್ಯಾಗ್ ಕೊಟ್ಟು ಬಿಲ್ಡ್ ಮಾಡುತ್ತಿದ್ದರೆ ಆ ಕೋಡ್ ಸದ್ದಿಲ್ಲದೆ ಮಾಯ. ಹೆಡರ್‌ನಲ್ಲಿ ಒಮ್ಮೆ ಬರೆದ ಸ್ಟ್ರಕ್ಟ್ ಪ್ರತಿ ಫೈಲಿನಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದೂ ಮಾಮೂಲು. ಮೊದಲು ಅವನ್ನೆಲ್ಲ ಒಂದೆಡೆ ತನ್ನಿ.

ಇಡೀ ಪ್ರೋಗ್ರಾಂ ಒಂದೇ ಏಟಿಗೆ ಬೇಡ. ತಿರುಗಿದ ಫಂಕ್ಷನ್‌ಗಳು ಸಿ ಹೆಸರನ್ನೇ ಉಳಿಸಿಕೊಳ್ಳುವುದರಿಂದ ಒಂದು ಫೈಲನ್ನು ಮಾತ್ರ ರಸ್ಟ್ ಲೈಬ್ರರಿ ಮಾಡಿ ಉಳಿದ ಸಿ ಜೊತೆ ಲಿಂಕ್ ಮಾಡಬಹುದು. ಹೊರಗಿನ ಬೈಟ್ ಮೊದಲು ಮುಟ್ಟುವ ಫೈಲಿನಿಂದ, ಅಂದರೆ ಸೀರಿಯಲ್ ಓದುವಲ್ಲಿಂದ ಹಿಡಿಯಿರಿ. ಒಳಗೆ ಮೊದಲು ಸ್ಟ್ರ್‌ಕಾಪಿ, ಸ್ಪ್ರಿಂಟ್‌ಎಫ್ ತೆಗೆಯಿರಿ. ಆಮೇಲೆ ಪಾಯಿಂಟರ್ ಮತ್ತು ಉದ್ದ ಜೋಡಿಯಾಗಿ ಹೋಗುವ ಕಡೆ ಸ್ಲೈಸ್ (ಉದ್ದವನ್ನೂ ಜೊತೆಗಿಟ್ಟುಕೊಂಡ ಪಾಯಿಂಟರ್), ಮ್ಯಾಲಕ್ (ಸಿಯಲ್ಲಿ ಮೆಮೊರಿ ಕೇಳುವ ಫಂಕ್ಷನ್) ಇದ್ದಲ್ಲಿ ವೆಕ್ (ಬೆಳೆಯುವ ಪಟ್ಟಿ) ಅಥವಾ ಬಾಕ್ಸ್ (ಒಂದೇ ಒಡೆಯನಿರುವ ಮೆಮೊರಿ). ಗಾಡಿಗಳ ಲಿಂಕ್ಡ್ ಲಿಸ್ಟನ್ನು ರಸ್ಟ್‌ನಲ್ಲೂ ಲಿಂಕ್ಡ್ ಲಿಸ್ಟ್ ಆಗಿಯೇ ಉಳಿಸಲು ಹೆಣಗಬೇಡಿ. ವೆಕ್ ಮಾಡಿ ಇಂಡೆಕ್ಸ್ ಇಟ್ಟುಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ರಸ್ಟ್‌ನ ಬಾಕ್ಸ್ ಕೊಟ್ಟ ಮೆಮೊರಿಯನ್ನು ಸಿ ಕಡೆಯ ಫ್ರೀ ಫಂಕ್ಷನ್ ಬಿಡುಗಡೆ ಮಾಡುವಂತಾಗಬಾರದು, ಅದರ ತಿರುಗಾಮುರುಗಾವೂ ಕೂಡದು. ಅರ್ಧ ತಿರುಗಿದ ಪ್ರೋಗ್ರಾಂಗಳು ಹೆಚ್ಚು ಬೀಳುವುದು ಅಲ್ಲೇ. ಮುಗಿದ ಮಾಡ್ಯೂಲ್ ಮೇಲೆ ಅನ್‌ಸೇಫ್ ಕೋಡ್ ನಿಷೇಧಿಸುವ ಒಂದು ಸಾಲು ಹಾಕಿದರೆ ನಾಳೆ ಬಂದವರು ಅದನ್ನು ಮತ್ತೆ ತೂರಿಸಲಾಗದು.

ಊರಿನ ಹೆಸರಿಗೆ ಮರಳಿದರೆ: ಸೇಫ್ ರಸ್ಟ್‌ನಲ್ಲಿ 22 ಬೈಟ್ 20ರಲ್ಲಿ ಕೂರುವುದಿಲ್ಲ, ಆಗ ನೀವು ತೀರ್ಮಾನಿಸಲೇಬೇಕು. ಕತ್ತರಿಸುತ್ತೀರಾ? ಸೊನ್ನೆಗೆ ಜಾಗ ಬಿಟ್ಟು ಸಂಕೇತದ ಗಡಿಯಲ್ಲೇ ಕತ್ತರಿಸಿದರೆ 18 ಬೈಟ್ ಉಳಿದು ಬೆಳಗಾವಿ ‘ಬೆಳಗಾವ’ ಆಗುತ್ತದೆ. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಗೆ ಸಂಕೇತ ಗೊತ್ತು, ನಮ್ಮ ಅಕ್ಷರ ಗೊತ್ತಿಲ್ಲ. ಫೀಲ್ಡ್ 64 ಬೈಟ್ ಮಾಡುತ್ತೀರಾ? ಒಳ್ಳೆಯದು, ಆದರೆ ಇದೇ ಸ್ಟ್ರಕ್ಟ್ ಅನ್ನು ಡಿಸ್ಕಿಗೂ ಬರೆಯುತ್ತಿದ್ದರೆ ಹಿಂದಿನ ಹಂಗಾಮುಗಳ ಫೈಲ್ ಓದಲು ಹಳೆಯ ಅಳತೆಯ ಸ್ಟ್ರಕ್ಟ್ ಬೇರೆ ಇಡಬೇಕು. ನಮ್ಮ ಮತ 64ಕ್ಕೆ. ಇದನ್ನು ಯಾವ ಟೂಲೂ ನಿಮ್ಮ ಪರವಾಗಿ ತೀರ್ಮಾನಿಸಲಾರದು. ಅಂದಹಾಗೆ, ಈ ಒಂದು ದುರಸ್ತಿಯನ್ನು ರಸ್ಟ್‌ಗೆ ಕಾಯದೆ ಸಿ ಕೋಡ್‌ನಲ್ಲಿ ಇವತ್ತೇ ಮಾಡಿ. ತಪ್ಪು ಟೇರ್ ಎಂದರೆ ತಪ್ಪು ಪಾವತಿ.

ಪ್ರಶ್ನೆ: ಸರ್, ಇಷ್ಟೆಲ್ಲ ಟೂಲ್ ಯಾಕ ಬೇಕು? ಎಐಗೆ ಸಿ ಫೈಲ್ ಕೊಟ್ಟರ ಅನ್‌ಸೇಫ್ ಇಲ್ಲದ ಚೆಂದನ ರಸ್ಟ್ ಬರದು ಕೊಡ್ತದ. ಅದನ್ನೇ ಹಾಕಿದರ ಏನು ತಪ್ಪು?
(ವಿದ್ಯಾರ್ಥಿ, ಗೋಕಾಕ)

ಉತ್ತರ: ಚೆಂದ ಇರುವುದೇ ತೊಂದರೆ. ಸಿ2ರಸ್ಟ್‌ನ ಕೋಡ್ ಕುರೂಪಿ, ಆದರೆ ಸಿ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ. ಎಐ ಕೊಟ್ಟದ್ದು ಓದಲು ಸೊಗಸು, ಮಾಡುವ ಕೆಲಸ ಮಾತ್ರ ಎಲ್ಲೋ ಒಂದು ಕೂದಲೆಳೆ ಬೇರೆ ಇರಬಹುದು, ಕಂಪೈಲರ್ ಅದನ್ನು ಹಿಡಿಯುವುದಿಲ್ಲ.

ಮುಧೋಳದವರ ಕಾಟಾವನ್ನೇ ತಗೊಳ್ಳಿ. ಇಂಡಿಕೇಟರ್ ಕಳಿಸುವ ಸಾಲಿನಲ್ಲಿ ಮೊದಲು ಎರಡು ಖಾಲಿ ಜಾಗ, ಆಮೇಲೆ 12340, ಆಮೇಲೆ ಒಂದು ಖಾಲಿ ಜಾಗ, ಕೊನೆಗೆ ಕೆ ಮತ್ತು ಜಿ ಅಕ್ಷರ ಇದೆ ಎನ್ನಿ. ಸಿ ಭಾಷೆಯ ಎ-ಟು-ಐ ಫಂಕ್ಷನ್ ಮುಂದಿನ ಖಾಲಿ ಜಾಗ ದಾಟಿ, ಅಂಕಿ ಮುಗಿದ ಕಡೆ ನಿಂತು 12340 ಕೊಡುತ್ತದೆ. ಅದರ ಬದಲು ಎಐ ಸಾಮಾನ್ಯವಾಗಿ ಬರೆಯುವುದು: ಟ್ರಿಮ್ ಮಾಡು, ಪಾರ್ಸ್ ಮಾಡು (ಪಠ್ಯವನ್ನು ಅಂಕಿ ಮಾಡು), ಆಗದಿದ್ದರೆ ಸೊನ್ನೆ ಕೊಡು. ಟ್ರಿಮ್ ಎರಡು ತುದಿಯ ಖಾಲಿ ಜಾಗವನ್ನಷ್ಟೇ ತೆಗೆಯುತ್ತದೆ, ಕೆಜಿ ಉಳಿಯುತ್ತದೆ. ರಸ್ಟ್‌ನ ಪಾರ್ಸ್‌ಗೆ ಪೂರ್ತಿ ಸಾಲು ಅಂಕಿಯೇ ಆಗಿರಬೇಕು. ಪಾರ್ಸ್ ಸೋಲುತ್ತದೆ, ತೂಕ ಸೊನ್ನೆ. ಮೆಮೊರಿ ದೋಷ ಒಂದೂ ಇಲ್ಲ, 12 ಟನ್ ಕಬ್ಬು ಮಾತ್ರ ಇಲ್ಲ! ಸರಿಯಾದ ದಾರಿ ಎಂದರೆ ಅಂಕಿಗಳಷ್ಟನ್ನು ಬೇರ್ಪಡಿಸಿ ಪಾರ್ಸ್ ಮಾಡುವುದು, ಸೋತರೆ ಸೊನ್ನೆ ಕೊಡದೆ ಎರರ್ ಕೊಟ್ಟು ಚೀಟಿ ತಡೆಯುವುದು. ಈ ವಿಷಯದಲ್ಲಿ ಹಳೆಯ ಎ-ಟು-ಐ ಕೂಡ ಸಾಚಾ ಅಲ್ಲ. ಕೇಬಲ್ ಸಡಿಲವಾಗಿ ಕಸ ಬಂದರೆ ಅದೂ ಸೊನ್ನೆಯನ್ನೇ ಕೊಡುತ್ತಿತ್ತು.

ಲೆಕ್ಕದಲ್ಲೂ ಹೀಗೇ. ರಸ್ಟ್‌ನ ಡೀಬಗ್ ಬಿಲ್ಡ್‌ನಲ್ಲಿ ಇಂಟಿಜರ್ ಉಕ್ಕಿದರೆ (ಅಂಕಿ ತನ್ನ ಜಾಗಕ್ಕಿಂತ ದೊಡ್ಡದಾದರೆ) ಪ್ರೋಗ್ರಾಂ ಪ್ಯಾನಿಕ್ ಆಗಿ ನಿಲ್ಲುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಸದ್ದಿಲ್ಲದೆ ಸುತ್ತಿಬರುತ್ತದೆ. ಪರೀಕ್ಷೆಯಲ್ಲಿ ನಿಂತದ್ದು ಕಾಟಾದಲ್ಲಿ ನಿಲ್ಲದೆ ತಪ್ಪು ಅಂಕಿ ಛಾಪಿಸುತ್ತದೆ. ಹಣ, ತೂಕದ ಪ್ರೋಗ್ರಾಂ ಆದರೆ ಕಾರ್ಗೋ (ರಸ್ಟ್‌ನ ಬಿಲ್ಡ್ ಟೂಲ್) ಫೈಲಿನ ರಿಲೀಸ್ ಪ್ರೊಫೈಲ್‌ನಲ್ಲಿ ಓವರ್‌ಫ್ಲೋ ತಪಾಸಣೆ ಆನ್ ಮಾಡಿಡಿ. ‘ಆಸ್’ ಎಂಬ ಪದದಿಂದ ದೊಡ್ಡ ಇಂಟಿಜರನ್ನು ಸಣ್ಣದಕ್ಕೆ ಬದಲಿಸಿದ ಸಾಲುಗಳನ್ನು ಹುಡುಕಿ ಒಂದೊಂದಾಗಿ ನೋಡಿ. ಅದು ಮೇಲಿನ ಬಿಟ್‌ಗಳನ್ನು ಕೇಳದೆ ಕತ್ತರಿಸುತ್ತದೆ.

ಎಐ ಬೇಡವೆಂದಲ್ಲ. ಸಿ2ರಸ್ಟ್ ಕೊಟ್ಟ ಕುರೂಪಿ ಫಂಕ್ಷನ್ ಒಂದನ್ನು ಕೊಟ್ಟು ‘ಇದನ್ನು ಸ್ಲೈಸ್ ಬಳಸಿ ಬರೆ’ ಎಂದರೆ ಒಳ್ಳೆಯ ಕೆಲಸ ಮಾಡುತ್ತದೆ. ಆಮೇಲೆ ಹಳೆಯ ಫಂಕ್ಷನ್, ಹೊಸ ಫಂಕ್ಷನ್ ಎರಡಕ್ಕೂ ಯದ್ವಾತದ್ವಾ ಬೈಟ್‌ಗಳನ್ನು ಲಕ್ಷಗಟ್ಟಲೆ ಸಲ ಉಣಿಸಿ ಉತ್ತರ ಹೋಲಿಸಿ. ಕಾರ್ಗೋ ಫಝ್ ಇದಕ್ಕೇ ಇದೆ. ಒಂದು ಸಲಕ್ಕೆ ಒಂದು ಫಂಕ್ಷನ್, ಇಡೀ ಫೈಲ್ ಬೇಡ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2024ರಲ್ಲಿ ಸಿ ಕೋಡನ್ನು ಯಂತ್ರವೇ ಒಳ್ಳೆಯ ರಸ್ಟ್ ಮಾಡಬೇಕೆಂಬ ಯೋಜನೆ ಘೋಷಿಸಿತು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಟ್ರ್ಯಾಕ್ಟರ್’. ನಮ್ಮ ಕಬ್ಬಿನ ಸೀಮೆಯವರಿಗೆ ಮರೆಯದ ಹೆಸರು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಟರ್ಬೊ ಸಿ ಎಂಬ ಹಳೆಯ ಡಾಸ್ ಕಂಪೈಲರ್ ಕಾಲದ ದಾಖಲೆ ಪ್ರೋಗ್ರಾಂ ಒಂದಿದೆ. ಅದರ ಡೇಟಾ ಫೈಲ್‌ಗಳೂ ಬೇಕು. ಸಿ2ರಸ್ಟ್‌ಗೆ ಕೊಟ್ಟರೆ ಎರರ್‌ಗಳ ರಾಶಿ ಬರುತ್ತದೆ.
(ಉಪನ್ಯಾಸಕಿ, ವಿಜಯಪುರ)

ಉತ್ತರ: ಬರಲೇಬೇಕು ಮೇಡಂ. ಸಿ2ರಸ್ಟ್ ಕೋಡ್ ಓದುವುದು ಕ್ಲ್ಯಾಂಗ್ ಕಂಪೈಲರ್‌ನ ಕಣ್ಣಿನಿಂದ. ಕೋನಿಯೊ, ಗ್ರಾಫಿಕ್ಸ್ ಹೆಡರ್‌ಗಳು, ‘ಫಾರ್’ ಪಾಯಿಂಟರ್‌ಗಳು ಕ್ಲ್ಯಾಂಗ್‌ಗೆ ತಿಳಿಯುವುದಿಲ್ಲ. ಅವನ್ನು ತೆಗೆದು ಕ್ಲ್ಯಾಂಗ್‌ನಲ್ಲಿ ಕಂಪೈಲ್ ಆದ ಮೇಲೆಯೇ ಮುಂದಿನ ಮಾತು.

ಅಪಾಯ ಅದರಾಚೆ ಇದೆ. ಟರ್ಬೊ ಸಿಯಲ್ಲಿ ಇಂಟ್ 2 ಬೈಟ್, ಇಂದಿನ ಕ್ಲ್ಯಾಂಗ್‌ನಲ್ಲಿ 4. ಟರ್ಬೊ ಸಿ ಫೀಲ್ಡ್‌ಗಳನ್ನು ಒತ್ತೊತ್ತಾಗಿ ಕೂರಿಸುತ್ತಿತ್ತು, ಕ್ಲ್ಯಾಂಗ್ ನಡುವೆ ಜಾಗ ಬಿಡುತ್ತದೆ. ಒಂದು ಕ್ಯಾರೆಕ್ಟರ್, ಒಂದು ಇಂಟ್ ಇರುವ ರೆಕಾರ್ಡ್ ಅಲ್ಲಿ 3 ಬೈಟ್, ಇಲ್ಲಿ 8. ನೂರು ವಿದ್ಯಾರ್ಥಿಗಳ ಫೈಲ್ 300 ಬೈಟ್ ಇರುವಾಗ ಪ್ರೋಗ್ರಾಂ 800 ಬೈಟ್ ಹುಡುಕುತ್ತದೆ; ಮೊದಲ ರೆಕಾರ್ಡಿನಿಂದಲೇ ಅಂಕ ಅದಲುಬದಲು. ಡಿಸ್ಕಿಗೆ ಬರೆಯುವ ಸ್ಟ್ರಕ್ಟ್‌ಗಳಲ್ಲಿ ಇಂಟ್ ಬದಲು 16 ಬಿಟ್‌ನ ನಿಗದಿತ ಟೈಪ್ ಹಾಕಿ, ‘ಪ್ಯಾಕ್ಡ್’ ಎಂದು ಗುರುತಿಸಿ. ಆದರೆ ಫೀಲ್ಡ್‌ನ ಟೈಪ್ ಬದಲಿಸಿದ ಮಾತ್ರಕ್ಕೆ ಲೆಕ್ಕ 16 ಬಿಟ್‌ನಲ್ಲಿ ನಡೆಯುವುದಿಲ್ಲ. 200ನ್ನು 200ರಿಂದ ಗುಣಿಸಿದರೆ ಟರ್ಬೊ ಸಿಯಲ್ಲಿ ಮೈನಸ್ 25536 ಬರುತ್ತಿತ್ತು, ಕ್ಲ್ಯಾಂಗ್‌ನಲ್ಲಿ 40000. ರಸ್ಟ್‌ನಲ್ಲಿ ಎರಡನ್ನೂ 16 ಬಿಟ್ ಮಾಡಿದರೆ ಡೀಬಗ್ ಬಿಲ್ಡ್ ಪ್ಯಾನಿಕ್ ಆಗುತ್ತದೆ.

ನಿಜ ಹೇಳಬೇಕೆಂದರೆ ಪ್ರೋಗ್ರಾಂ ಸಾವಿರ ಸಾಲಿನೊಳಗಿದ್ದರೆ ತಿರುಗಿಸುವ ಉಸಾಬರಿ ಬೇಡ. ಹಳೆಯ ಫೈಲ್ ಓದಿ ಸಿಎಸ್‌ವಿ ಮಾಡುವ ಸಣ್ಣ ರಸ್ಟ್ ಪ್ರೋಗ್ರಾಂ ಬರೆಯಿರಿ, ಪ್ರತಿ ಇಂಟನ್ನು ಎರಡೆರಡು ಬೈಟ್ ಓದಿ ಲಿಟಲ್ ಎಂಡಿಯನ್ (ಕಿರಿಯ ಬೈಟ್ ಮೊದಲು) ಕ್ರಮದಲ್ಲಿ ಜೋಡಿಸಿ. ಉಳಿದದ್ದನ್ನು ಹೊಸದಾಗಿ ಬರೆಯಿರಿ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಲೆಕ್ಕಪತ್ರ ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ಟೂಲ್‌ನಲ್ಲಿದೆ. ಅದನ್ನೂ ರಸ್ಟ್ ಮಾಡಬೇಕೇ?
(ಓದುಗರು, ಅಥಣಿ)

ಉತ್ತರ: ಬೇಡ. ಫಾಕ್ಸ್‌ಪ್ರೊ ಮೆಮೊರಿಯನ್ನು ತಾನೇ ನೋಡಿಕೊಳ್ಳುತ್ತದೆ, ನಿಮ್ಮ ಕೋಡ್‌ನಲ್ಲಿ ಕಚ್ಚಾ ಪಾಯಿಂಟರ್ ಇಲ್ಲ. ನಿಮ್ಮ ಚಿಂತೆ ಬೇರೆ: ವಿಷುವಲ್ ಫಾಕ್ಸ್‌ಪ್ರೊ 9ಕ್ಕೆ ಮೈಕ್ರೊಸಾಫ್ಟ್‌ನ ಬೆಂಬಲ 2015ರ ಜನವರಿಗೆ ಮುಗಿದಿದೆ. ಅದರ ಡಿಬಿಎಫ್ ಡೇಟಾ ಫೈಲ್‌ಗಳನ್ನು ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗೆ ತಂದು, ನಿಮ್ಮಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೋ ಅದರಲ್ಲಿ ಬರೆಸಿ.

ಪ್ರಶ್ನೆ: ಹೈಡ್ರಾಲಿಕ್ ವಾಲ್ವ್‌ಗಳ ಪ್ರೆಶರ್ ಟೆಸ್ಟ್ ಬೆಂಚ್ ತಯಾರಿಸುತ್ತೇವೆ. ಹಳೆಯ ಬೆಂಚ್‌ಗಳಲ್ಲಿ 8051, ಹೊಸದರಲ್ಲಿ ಕಾರ್ಟೆಕ್ಸ್-ಎಂ4 ಚಿಪ್ ಇದೆ. ಎರಡರ ಸಿ ಕೋಡನ್ನೂ ಯಂತ್ರದಿಂದ ರಸ್ಟ್‌ಗೆ ತಿರುಗಿಸಿಬಿಡೋಣವೇ?
(ಸಣ್ಣ ಉದ್ಯಮಿ, ಉದ್ಯಮಬಾಗ, ಬೆಳಗಾವಿ)

ಉತ್ತರ: 8051ಕ್ಕೆ ರಸ್ಟ್ ಕಂಪೈಲರೇ ಇಲ್ಲ, ಅದನ್ನು ಹಾಗೇ ಬಿಡಿ. ಎಂ4ಕ್ಕೆ ಬೆಂಬಲ ಚೆನ್ನಾಗಿದೆ. ಆದರೂ ಓಡುತ್ತಿರುವ ಕೋಡನ್ನು ತಿರುಗಿಸುವುದಕ್ಕಿಂತ ಹೊಸ ಭಾಗವನ್ನು ರಸ್ಟ್‌ನಲ್ಲಿ ಬರೆಯುವುದು ಲಾಭ. ಆಂಡ್ರಾಯ್ಡ್‌ನಲ್ಲಿ ಭದ್ರತಾ ದೋಷಗಳ ಪೈಕಿ ಮೆಮೊರಿಯವು 2019ರಲ್ಲಿ 76 ಶೇಕಡಾ ಇದ್ದದ್ದು 2024ಕ್ಕೆ 24ಕ್ಕೆ ಇಳಿದದ್ದು ಮುಖ್ಯವಾಗಿ ಹೊಸ ಕೋಡನ್ನು ಸುರಕ್ಷಿತ ಭಾಷೆಯಲ್ಲಿ ಬರೆದದ್ದರಿಂದ. ಹಳೆಯದನ್ನೆಲ್ಲ ತಿರುಗಿಸಲು ಅವರು ಹೋಗಲಿಲ್ಲ. ನಿಮ್ಮಲ್ಲಿ ಪಿಸಿಯಿಂದ ಆಜ್ಞೆ ಓದುವ ಭಾಗ, ರೀಡಿಂಗ್‌ಗಳ ಬಫರ್ ಇವನ್ನು ಮೊದಲು ರಸ್ಟ್ ಮಾಡಿ ಸ್ಟ್ಯಾಟಿಕ್ ಲೈಬ್ರರಿಯಾಗಿ ಸಿ ಪ್ರಾಜೆಕ್ಟ್‌ಗೆ ಸೇರಿಸಿ. ಅದರ ಹೆಡರ್ ಫೈಲನ್ನು ಸಿಬೈಂಡ್‌ಜೆನ್ ಬರೆದುಕೊಡುತ್ತದೆ. ಇಂಟರಪ್ಟ್ (ಕೆಲಸದ ನಡುವೆ ನುಗ್ಗುವ ಕರೆ) ಮತ್ತು ಮುಖ್ಯ ಲೂಪ್ ಎರಡೂ ಮುಟ್ಟುವ ಗ್ಲೋಬಲ್ ಎಣಿಕೆಗಳನ್ನು ಅಟಾಮಿಕ್ (ನಡುವೆ ತುಂಡಾಗದಂತೆ) ಮಾಡಿ.

ಒಂದು ವಿಷಯ ಮಾತ್ರ ಬೆಂಚ್ ಹತ್ತಿರ ನಿಲ್ಲುವವರ ಮೈಗೆ ಸಂಬಂಧಿಸಿದ್ದು. ಸಿಯಲ್ಲಿ ಅರೇ ಗಡಿ ದಾಟಿದರೆ ಏನೋ ಕೆಟ್ಟು ಓಟ ಮುಂದುವರಿಯುತ್ತಿತ್ತು, ರಸ್ಟ್‌ನಲ್ಲಿ ಪ್ಯಾನಿಕ್ ಆಗುತ್ತದೆ. ಪ್ಯಾನಿಕ್ ಹ್ಯಾಂಡ್ಲರ್ ಆಗಿ ಬಹಳ ಜನ ಹಾಕುವ ‘ಪ್ಯಾನಿಕ್ ಹಾಲ್ಟ್’ ಕ್ರೇಟ್ (ರಸ್ಟ್ ಲೈಬ್ರರಿ) ಮಾಡುವುದು ಸುಮ್ಮನೆ ಕೊನೆಯಿಲ್ಲದ ಲೂಪ್. ಆ ಹೊತ್ತಿಗೆ ವಾಲ್ವ್ ನಡೆಸುವ ಸೊಲೆನಾಯ್ಡ್ ಆನ್ ಇದ್ದರೆ ಆನ್ ಆಗಿಯೇ ಉಳಿಯುತ್ತದೆ, ಲೈನಿನಲ್ಲಿ ಪ್ರೆಶರ್ ಹಾಗೇ ನಿಂತಿರುತ್ತದೆ. ಆದ್ದರಿಂದ ಹ್ಯಾಂಡ್ಲರ್ ನೀವೇ ಬರೆಯಿರಿ: ಮೊದಲು ಇಂಟರಪ್ಟ್ ಬಂದ್, ಆಮೇಲೆ ಔಟ್‌ಪುಟ್ ಪಿನ್‌ಗಳನ್ನು ಪ್ರೆಶರ್ ಇಳಿಯುವ ಸ್ಥಿತಿಗೆ ತನ್ನಿ, ಆಮೇಲೆ ವಾಚ್‌ಡಾಗ್ (ಪ್ರೋಗ್ರಾಂ ಸ್ಪಂದಿಸದಿದ್ದರೆ ಚಿಪ್ ಮತ್ತೆ ಶುರು ಮಾಡುವ ಟೈಮರ್) ರೀಸೆಟ್ ಮಾಡುವವರೆಗೆ ಕಾಯಲಿ. ವಾಚ್‌ಡಾಗ್ ರಿಫ್ರೆಶ್ ಮಾಡುವ ಸಾಲು ಟೈಮರ್ ಇಂಟರಪ್ಟ್ ಒಳಗಿದ್ದರೆ ಈಗಲೇ ಮುಖ್ಯ ಲೂಪ್‌ಗೆ ತನ್ನಿ. ಇಲ್ಲದಿದ್ದರೆ ಪ್ರೋಗ್ರಾಂ ಸತ್ತರೂ ಟೈಮರ್ ಬಡಿಯುತ್ತಲೇ ಇದ್ದು ವಾಚ್‌ಡಾಗ್‌ಗೆ ಎಲ್ಲವೂ ಸರಿಯಿದೆ ಎಂದೇ ಕಾಣುತ್ತದೆ.